ಗ್ರಾಮಸಭೆಗೆ ಹೋದರೆ ಏನು ಸಿಗುತ್ತೆ?

ಓಟಿನ ದಿನ ನಮ್ಮೂರ ಶಾಲೆ ಮುಂದೆ ಬೆಳಿಗ್ಗೆ ಏಳಕ್ಕೇ ಸಾಲು. ಬೆಂಗಳೂರಿಗೆ ದುಡಿಯಲು ಹೋದ ಹುಡುಗರೂ ರಾತ್ರಿ ಬಸ್ಸಿಗೆ ಬಂದು ಬೆರಳಿಗೆ ಶಾಯಿ ಹಚ್ಚಿಸಿಕೊಂಡು ಹೋಗ್ತಾರೆ. ಗ್ರಾಮಸಭೆಗೆ ಡಂಗುರ ಸಾರಿದರೆ ಮಾತ್ರ ಇಪ್ಪತ್ತು ಜನ ಸೇರೋದು ಕಷ್ಟ. ‘ಅಲ್ಲೇನೈತೆ, ಬರೀ ಮಾತು’ ಅಂತಾರೆ. ನನ್ನ ಅನುಭವ ಬೇರೆ.

ನಮ್ಮದು ಚಳ್ಳಕೆರೆ ಸೀಮೆ. ಮಳೆ ನಂಬಿದ ಶೇಂಗಾ, ಸಾಲಿನ ನಡುವೆ ತೊಗರಿ. ನಮ್ಮಂಥವರಿಗೆ ಬೇಕಾದ್ದು ಬದು, ಕೃಷಿ ಹೊಂಡ, ಕೆರೆ ಹೂಳು, ಹೊಲದ ದಾರಿ. ಇವೆಲ್ಲ ಪಂಚಾಯ್ತಿಯ ಕ್ರಿಯಾಯೋಜನೆಯ ಪಟ್ಟಿಗೆ ಸೇರಬೇಕು. ಆ ಪಟ್ಟಿಗೆ ಒಪ್ಪಿಗೆ ಕೊಡೋದು ಗ್ರಾಮಸಭೆ.

ನಮ್ಮ ರಾಜ್ಯದಲ್ಲಿ ಇದು ಹೊಸದೇನಲ್ಲ. 1983ರ ಕಾಯ್ದೆ ಪ್ರಕಾರ 1987ರಲ್ಲೇ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತಿಗೆ ಚುನಾವಣೆ ಆಯ್ತು. ಅದರ ಹಿಂದೆ ಇದ್ದವರು ಅಬ್ದುಲ್ ನಜೀರ್ ಸಾಬರು. ಊರೂರಿಗೆ ಬೋರು ಕೊರೆಸಿ ‘ನೀರ್ ಸಾಬ್’ ಅನ್ನಿಸಿಕೊಂಡವರು. ಇಡೀ ದೇಶಕ್ಕೆ ಪಂಚಾಯ್ತಿ ಗಟ್ಟಿಯಾಗಿದ್ದು 1993ರಲ್ಲಿ, ಸಂವಿಧಾನದ 73ನೇ ತಿದ್ದುಪಡಿಯಿಂದ. ಆ ತಿದ್ದುಪಡಿಯಲ್ಲಿ ಒಂದು ಮಾತು ನನಗೆ ಬಹಳ ಹಿಡಿಸಿತು. ಪಂಚಾಯ್ತಿ ಸದಸ್ಯನಾಗಲು ಗೆಲ್ಲಬೇಕು. ಗ್ರಾಮಸಭೆಯ ಸದಸ್ಯನಾಗಲು ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು. ಅಂದರೆ ನಾನೂ ಸದಸ್ಯ, ನನ್ನ ಹೊಲಕ್ಕೆ ಕಳೆಗೆ ಬರೋ ಅಕ್ಕನೂ ಸದಸ್ಯೆ.

ನಮ್ಮ ಕೆರೆಗೆ ನೀರು ತರೋ ಹಳ್ಳದ ಕಾಲುವೆ ಹೂಳು, ಜಾಲಿಯಿಂದ ಮುಚ್ಚಿತ್ತು. ಅಲ್ಲಲ್ಲಿ ಒತ್ತುವರಿಯೂ ಆಗಿತ್ತು. ಎರಡು ಸಭೆಯಲ್ಲಿ ಎದ್ದು ಹೇಳಿದೆ. ‘ನೋಡೋಣ ಯಜಮಾನ್ರೆ’ ಅಂದರು. ಆಮೇಲೆ ನಡಾವಳಿ ಪುಸ್ತಕ ನೋಡಿದರೆ ನನ್ನ ಮಾತೇ ಅದರಲ್ಲಿಲ್ಲ! ಇನ್ನೊಂದು ವಿಷಯ. ಸಭೆಗೆ ಬಾರದವರ ಮನೆಗೆ ಆ ಪುಸ್ತಕವೇ ಹೋಗುತ್ತಿತ್ತು, ಸಹಿಗೆ. ಜಗಲಿ ಮೇಲೆ ಕೂತವರು ಓದದೆ ಹೆಬ್ಬೆಟ್ಟು ಒತ್ತುತ್ತಿದ್ದರು. ಕೋರಂ ಭರ್ತಿ!

ಮೂರನೇ ಸಲ ಹದಿನೆಂಟು ಜನ ಸೇರಿ ಅರ್ಜಿ ಬರೆದೆವು. ಮೊದಲು ವಾರ್ಡ್ ಸಭೆಯಲ್ಲಿ ಕೊಟ್ಟೆವು, ಅಲ್ಲಿಂದ ಬಂದದ್ದೇ ಗ್ರಾಮಸಭೆಗೆ ಏರೋದು. ಪಂಚಾಯ್ತಿ ಕಚೇರಿಯಲ್ಲೂ ಒಂದು ಪ್ರತಿ ಕೊಟ್ಟು ಸೀಲು ಹಾಕಿಸಿಕೊಂಡೆವು. ಸಭೆ ಮುಗಿಯುವ ಮೊದಲು ‘ಬರೆದಿದ್ದನ್ನ ಒಂದ್ಸಲ ಓದಿ ಸ್ವಾಮಿ’ ಅಂತ ಕೇಳಿದೆವು. ಓದಿದರು. ಬಿಟ್ಟುಹೋಗಿದ್ದ ಸರ್ವೆ ನಂಬರನ್ನು ಅಲ್ಲೇ ಸೇರಿಸಿದರು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ನಡಾವಳಿಯ ನಕಲೂ ತೆಗೆಸಿದೆ. 30 ದಿನದೊಳಗೆ ಕೊಡಬೇಕು ಅಂತ 2005ರ ಕಾಯ್ದೆ ಹೇಳುತ್ತೆ. ಅರ್ಜಿಯಲ್ಲಿ ಒಂದೇ ವಿಷಯ ಇರಲಿ, ಉದ್ದ ಬರೆಯಬೇಡಿ.

ಹೆಂಗಸರು ಬರದೆ ಕೆಲಸ ಆಗುತ್ತಿರಲಿಲ್ಲ. ಕಾಲುವೆ ಅಂದರೆ ಗಂಡಸರು ಒತ್ತುವರಿ ಜಗಳ ತೆಗೀತಾರೆ, ಹೆಂಗಸರು ಕೂಲಿ ದಿನ ಎಣಿಸ್ತಾರೆ. ಸಭೆ ಮಧ್ಯಾಹ್ನ ಹನ್ನೊಂದಕ್ಕೆ ಇಟ್ಟರೆ ಅವರು ಬರೋದೆಂಗೆ? ಆವತ್ತಿನ ಕೂಲಿ ಹೋಗುತ್ತೆ. ಶೇಂಗಾ ಕೀಳುವ ಕಾಲ ಬಿಟ್ಟು ದಿನ ಗೊತ್ತು ಮಾಡಿ ಅಂತ ಕೇಳಿಕೊಂಡೆವು. ಆ ಸಲ ನಲವತ್ತಕ್ಕೂ ಮೇಲೆ ಹೆಂಗಸರು ಬಂದರು. ಒಬ್ಬಾಕೆ ಅಂತೂ ‘ಕೆಲ್ಸ ಯಾವ ತಿಂಗ್ಳು ಸುರು ಮಾಡ್ತೀರ, ಅದನ್ನೂ ಬರ್ಕಳಿ’ ಅಂದಳು. ನನಗೆ ಹೊಳೆಯದ ಮಾತು ಅದು.

2022ರ ಬೇಸಿಗೆಯಲ್ಲಿ ಉದ್ಯೋಗ ಖಾತ್ರಿಯಲ್ಲಿ ಕೆಲಸ ನಡೆಯಿತು. ಆ ವರ್ಷ ಕೂಲಿ ದಿನಕ್ಕೆ 309 ರೂಪಾಯಿ, ಗಂಡು ಹೆಣ್ಣಿಗೆ ಒಂದೇ. ಹೂಳಿನ ಮಣ್ಣನ್ನು ಕೆಲವರು ಹೊಲಕ್ಕೆ ಹೊಡೆದುಕೊಂಡರು. ಆ ಮುಂಗಾರಿನಲ್ಲಿ ಕೆರೆಗೆ ನೀರೂ ಬಂತು. (ಆ ವರ್ಷ ಮಳೆಯೂ ಚೆನ್ನಾಗಿತ್ತು, ಅದನ್ನೂ ಹೇಳಬೇಕು.)

ಒತ್ತುವರಿ ಇನ್ನೂ ತೆರವಾಗಿಲ್ಲ. ಅಳತೆಗೆ ಬರೆದು ಕಾಯುತ್ತಿದ್ದೇವೆ. ಕಾಲುವೆಯ ಮೇಲಿನ ತುಂಡು ಪಕ್ಕದ ಪಂಚಾಯ್ತಿಗೆ ಸೇರಿದ್ದು. ಅವರ ಗ್ರಾಮಸಭೆಯಲ್ಲಿ ನಾವು ಸದಸ್ಯರಲ್ಲ. ಅಲ್ಲಿನ ಇಬ್ಬರು ರೈತರಿಗೆ ನಮ್ಮ ಅರ್ಜಿಯ ನಕಲು ಕೊಟ್ಟು ಬಂದಿದ್ದೇವೆ. ಅವರ ಮುಂದಿನ ವಾರ್ಡ್ ಸಭೆಯಲ್ಲಿ ಓದುತ್ತೇವೆ ಅಂದಿದ್ದಾರೆ.