ಕೀಲಿಪದ ಡೊಮೇನ್ ಹೆಸರು

ಕೀಲಿಪದ ಡೊಮೇನ್ ಹೆಸರು ಎಂದರೆ ಜನರು ಹುಡುಕುತಾಣಗಳಲ್ಲಿ, ಅಂದರೆ ಸರ್ಚ್ ಎಂಜಿನ್‌ಗಳಲ್ಲಿ, ಸಾಮಾನ್ಯವಾಗಿ ಬರೆದು ಹುಡುಕುವ ಪದವನ್ನು ಅಥವಾ ಪದಗುಚ್ಛವನ್ನು ಒಳಗೊಂಡಿರುವ ಜಾಲತಾಣದ ವಿಳಾಸ. ವಿಮೆಯ ತಾಣವೊಂದಕ್ಕೆ ಇನ್ಶೂರೆನ್ಸ್.ಕಾಮ್ ಎಂಬ ಹೆಸರಿರುವುದು ಇದಕ್ಕೆ ಉದಾಹರಣೆ. ಹುಡುಕುವ ಪದಗುಚ್ಛವೂ ಡೊಮೇನ್ ಹೆಸರೂ ಅಕ್ಷರಶಃ ಒಂದೇ ಆಗಿದ್ದರೆ ಅದನ್ನು ಎಕ್ಸಾಕ್ಟ್ ಮ್ಯಾಚ್ ಡೊಮೇನ್ ಅಥವಾ ಸಂಕ್ಷಿಪ್ತವಾಗಿ ಇಎಂಡಿ ಎಂದೂ, ಕೀಲಿಪದದೊಂದಿಗೆ ಬೇರೆ ಪದಗಳೂ ಸೇರಿದ್ದರೆ ಪಾರ್ಶಿಯಲ್ ಮ್ಯಾಚ್ ಡೊಮೇನ್ ಎಂದೂ ಕರೆಯಲಾಗುತ್ತದೆ.

೨೦೧೨ಕ್ಕೆ ಮೊದಲು ಇಂತಹ ಹೆಸರುಗಳು ಹುಡುಕಾಟದ ಫಲಿತಾಂಶಗಳಲ್ಲಿ ಮೇಲಿನ ಸ್ಥಾನ ಪಡೆಯಲು ಗಣನೀಯವಾಗಿ ನೆರವಾಗುತ್ತಿದ್ದವು. ಇಂದು ಆ ಲಾಭ ಬಹುಮಟ್ಟಿಗೆ ಇಲ್ಲವಾಗಿದೆ. ಆದರೆ ಆಯ್ದುಕೊಂಡ ಪದವು ಬೇರೊಬ್ಬರ ಟ್ರೇಡ್‌ಮಾರ್ಕ್ ಆಗಿದ್ದಲ್ಲಿ ಹೆಸರನ್ನೇ ಕಳೆದುಕೊಳ್ಳುವ ಮತ್ತು ಕೆಲವು ದೇಶಗಳಲ್ಲಿ ಪರಿಹಾರಧನ ತೆರಬೇಕಾಗುವ ಅಪಾಯ ಹಾಗೆಯೇ ಉಳಿದಿದೆ.

ಹಿನ್ನೆಲೆ

ಅಂತರಜಾಲಕ್ಕೆ ಸೇರಿದ ಪ್ರತಿಯೊಂದು ಗಣಕಯಂತ್ರಕ್ಕೂ ಅಂಕಿಗಳಿಂದ ಕೂಡಿದ ವಿಳಾಸವಿರುತ್ತದೆ. ಅದನ್ನು ನೆನಪಿಡುವುದು ಕಷ್ಟವಾದುದರಿಂದ ಪದಗಳ ರೂಪದ ಹೆಸರುಗಳನ್ನು ಬಳಸುವ ಡೊಮೇನ್ ನೇಮ್ ಸಿಸ್ಟಂ ಅನ್ನು ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ರೂಪಿಸಿದರು. ಮೊದಲ .ಕಾಮ್ ಹೆಸರು, ಸಿಂಬಾಲಿಕ್ಸ್.ಕಾಮ್, ೧೯೮೫ರ ಮಾರ್ಚ್ ೧೫ರಂದು ನೋಂದಣಿಯಾಯಿತು.

ಡೊಮೇನ್ ಹೆಸರುಗಳನ್ನು ಮೊದಲು ಬಂದವರಿಗೆ ಮೊದಲ ಆದ್ಯತೆ ಎಂಬ ತತ್ತ್ವದ ಮೇಲೆ ನೀಡಲಾಗುತ್ತದೆ. ನೋಂದಣಿ ಮಾಡುವ ಸಂಸ್ಥೆಯು, ಅಂದರೆ ರಿಜಿಸ್ಟ್ರಾರ್, ಆ ಹೆಸರು ಲಭ್ಯವಿದೆಯೇ ಎಂಬುದನ್ನಷ್ಟೇ ನೋಡುತ್ತದೆ. ಅದರ ಮೇಲೆ ಬೇರೆಯವರಿಗೆ ಹಕ್ಕಿದೆಯೇ ಎಂಬುದನ್ನು ಸಾಮಾನ್ಯವಾಗಿ ಪರಿಶೀಲಿಸುವುದಿಲ್ಲ. ಆ ಹೊಣೆಯನ್ನು ನೋಂದಣಿಯ ಒಪ್ಪಂದವು ಹೆಸರು ಪಡೆಯುವವರ ಮೇಲೆಯೇ ಹೊರಿಸುತ್ತದೆ. ಆದ್ದರಿಂದ ಹೆಸರು ಸಿಕ್ಕಿತು ಎಂದ ಮಾತ್ರಕ್ಕೆ ಅದನ್ನು ಬಳಸುವ ಕಾನೂನಾತ್ಮಕ ಹಕ್ಕು ಸಿಕ್ಕಿದಂತಾಗುವುದಿಲ್ಲ.

ಸಾಮಾನ್ಯ ಪದಗಳ ಹೆಸರುಗಳು ಬಹುಬೇಗ ದೊಡ್ಡ ಮೊತ್ತಕ್ಕೆ ಮಾರಾಟವಾಗತೊಡಗಿದವು. ೧೯೯೯ರಲ್ಲಿ ಬಿಸಿನೆಸ್.ಕಾಮ್ ೭೫ ಲಕ್ಷ ಡಾಲರ್‌ಗಳಿಗೆ ಮಾರಾಟವಾಯಿತು. ೨೦೧೦ರಲ್ಲಿ ಇನ್ಶೂರೆನ್ಸ್.ಕಾಮ್ ಅನ್ನು ಕ್ವಿನ್‌ಸ್ಟ್ರೀಟ್ ಸಂಸ್ಥೆಯು ೩.೫೬ ಕೋಟಿ ಡಾಲರ್‌ಗಳಿಗೆ ಕೊಂಡಿತು.

ಶ್ರೇಯಾಂಕದಲ್ಲಿ ಕೀಲಿಪದದ ಪಾತ್ರ

ಹುಡುಕುತಾಣವು ಒಂದು ಪುಟದ ವಿಷಯವನ್ನು ಊಹಿಸಲು ಅನೇಕ ಸೂಚನೆಗಳನ್ನು ಬಳಸುತ್ತದೆ. ಪುಟದ ಶೀರ್ಷಿಕೆ, ಒಳಗಿನ ಪಠ್ಯ, ವಿಳಾಸದಲ್ಲಿರುವ ಪದಗಳು ಮತ್ತು ಇತರ ತಾಣಗಳಿಂದ ಬರುವ ಕೊಂಡಿಗಳು ಇವುಗಳಲ್ಲಿ ಮುಖ್ಯವಾದವು. ಕೀಲಿಪದ ಡೊಮೇನ್ ಹೆಸರಿಗೆ ಮೂರು ಬಗೆಯ ಅನುಕೂಲಗಳಿದ್ದವು.

ಮೊದಲನೆಯದು, ಹುಡುಕಿದ ಪದವು ವಿಳಾಸದಲ್ಲಿಯೇ ಇರುವುದರಿಂದ ಅದು ನೇರವಾದ ಹೊಂದಾಣಿಕೆಯಾಗಿ ಪರಿಗಣಿತವಾಗುತ್ತಿತ್ತು.

ಎರಡನೆಯದು ಕೊಂಡಿಯ ಪಠ್ಯಕ್ಕೆ ಸಂಬಂಧಿಸಿದ್ದು. ಒಂದು ತಾಣಕ್ಕೆ ಕೊಂಡಿ ಕೊಡುವವರು ಬಹಳಷ್ಟು ಸಲ ಆ ತಾಣದ ಹೆಸರನ್ನೇ ಕೊಂಡಿಯ ಪಠ್ಯವಾಗಿ ಬರೆಯುತ್ತಾರೆ. ಕೊಂಡಿಯ ಪಠ್ಯವನ್ನು ಅದು ತೋರಿಸುವ ಪುಟದ ವಿವರಣೆ ಎಂದು ಪರಿಗಣಿಸುವ ಕ್ರಮವನ್ನು ಗೂಗಲ್ ತನ್ನ ಆರಂಭದಿಂದಲೂ ಅನುಸರಿಸಿದೆ. ಹೀಗಾಗಿ ಹೆಸರಿನಲ್ಲಿಯೇ ಕೀಲಿಪದವಿದ್ದ ತಾಣಕ್ಕೆ, ಯಾರೂ ಉದ್ದೇಶಪೂರ್ವಕವಾಗಿ ಪ್ರಯತ್ನಿಸದಿದ್ದರೂ, ಕೀಲಿಪದವುಳ್ಳ ಕೊಂಡಿಗಳು ತಾವಾಗಿಯೇ ದೊರೆಯುತ್ತಿದ್ದವು.

ಮೂರನೆಯದು ಬಳಕೆದಾರರ ವರ್ತನೆ. ತಾವು ಹುಡುಕಿದ ಪದವೇ ವಿಳಾಸದಲ್ಲಿ ಕಂಡಾಗ ಜನರು ಅದು ತಮಗೆ ಬೇಕಾದ ತಾಣವೆಂದು ಭಾವಿಸುವ ಸಾಧ್ಯತೆ ಹೆಚ್ಚು. ಕೆಲವರು ಹುಡುಕುತಾಣದ ನೆರವಿಲ್ಲದೆ ಪದದ ಕೊನೆಗೆ .ಕಾಮ್ ಸೇರಿಸಿ ನೇರವಾಗಿ ಬ್ರೌಸರಿನಲ್ಲಿ ಬರೆಯುವುದೂ ಉಂಟು.

ಈ ಅನುಕೂಲಗಳಿಂದಾಗಿ ನೂರಾರು ಕೀಲಿಪದ ಹೆಸರುಗಳನ್ನು ಕೊಂಡು, ಅವುಗಳಲ್ಲಿ ಅತ್ಯಲ್ಪ ಅಥವಾ ಬೇರೆಡೆಯಿಂದ ನಕಲಿಸಿದ ಪಠ್ಯವನ್ನು ಹಾಕಿ, ಜಾಹೀರಾತುಗಳ ಮೂಲಕ ಹಣ ಗಳಿಸುವ ಪದ್ಧತಿ ಬೆಳೆಯಿತು.

೨೦೧೨ರ ಬದಲಾವಣೆ

೨೦೧೨ರ ಸೆಪ್ಟೆಂಬರ್ ೨೮ರಂದು ಗೂಗಲ್‌ನ ವೆಬ್‌ಸ್ಪಾಮ್ ತಂಡದ ಮುಖ್ಯಸ್ಥರಾಗಿದ್ದ ಮ್ಯಾಟ್ ಕಟ್ಸ್, ಕಡಿಮೆ ಗುಣಮಟ್ಟದ ಎಕ್ಸಾಕ್ಟ್ ಮ್ಯಾಚ್ ಡೊಮೇನ್‌ಗಳು ಫಲಿತಾಂಶಗಳಲ್ಲಿ ಕಾಣಿಸಿಕೊಳ್ಳುವುದನ್ನು ತಗ್ಗಿಸುವ ಬದಲಾವಣೆಯೊಂದನ್ನು ಪ್ರಕಟಿಸಿದರು. ಅಮೆರಿಕದ ಇಂಗ್ಲಿಷ್ ಹುಡುಕಾಟಗಳ ಪೈಕಿ ಶೇ. ೦.೬ರಷ್ಟರ ಮೇಲೆ ಅದು ಗಮನಾರ್ಹ ಪರಿಣಾಮ ಬೀರುತ್ತದೆ ಎಂದು ಆಗ ತಿಳಿಸಲಾಯಿತು. ತೆಳುವಾದ ಪಠ್ಯವುಳ್ಳ ತಾಣಗಳನ್ನು ಗುರಿಯಾಗಿಸಿದ್ದ ಪಾಂಡಾ ೨೦೧೧ರಲ್ಲಿಯೂ, ಕೃತಕ ಕೊಂಡಿಗಳನ್ನು ಗುರಿಯಾಗಿಸಿದ್ದ ಪೆಂಗ್ವಿನ್ ೨೦೧೨ರ ಏಪ್ರಿಲ್‌ನಲ್ಲಿಯೂ ಜಾರಿಗೆ ಬಂದಿದ್ದವು.

ಈ ಬದಲಾವಣೆಯು ಕೀಲಿಪದವಿರುವ ಎಲ್ಲ ಹೆಸರುಗಳಿಗೆ ವಿಧಿಸಿದ ದಂಡವಲ್ಲ; ಹೆಸರಿನ ಬಲವೊಂದರಿಂದಲೇ ದೊರೆಯುತ್ತಿದ್ದ ಮೇಲುಗೈಯನ್ನು ಅದು ಹಿಂತೆಗೆದುಕೊಂಡಿತು. ಉತ್ತಮ ಪಠ್ಯವುಳ್ಳ ತಾಣಗಳು ತಮ್ಮ ಹೆಸರಿನಲ್ಲಿ ಕೀಲಿಪದವಿದ್ದರೂ ಮೇಲಿನ ಸ್ಥಾನ ಪಡೆಯಬಲ್ಲವು. ಡೊಮೇನ್ ಹೆಸರಿನಲ್ಲಿರುವ ಪದಗಳು ಹಲವು ಅಂಶಗಳಲ್ಲಿ ಒಂದು ಮಾತ್ರ ಎಂದೂ, ಹುಡುಕಾಟಕ್ಕೆ ಹೊಂದುವಂತೆ ರಚಿಸಿದ ಹೆಸರುಗಳಿಗೆ ಅತಿಯಾದ ಮನ್ನಣೆ ದೊರೆಯದಂತೆ ನೋಡಿಕೊಳ್ಳುವ ಪ್ರತ್ಯೇಕ ವ್ಯವಸ್ಥೆ ಇದೆ ಎಂದೂ ಗೂಗಲ್‌ನ ಅಧಿಕೃತ ಮಾರ್ಗದರ್ಶಿ ಹೇಳುತ್ತದೆ.

ಟ್ರೇಡ್‌ಮಾರ್ಕ್ ಕಾನೂನಿನ ದೃಷ್ಟಿ

ಒಬ್ಬರ ಸರಕು ಅಥವಾ ಸೇವೆಯನ್ನು ಇತರರದ್ದರಿಂದ ಪ್ರತ್ಯೇಕಿಸಿ ಗುರುತಿಸಲು ನೆರವಾಗುವ ಹೆಸರು ಅಥವಾ ಚಿಹ್ನೆಯೇ ಟ್ರೇಡ್‌ಮಾರ್ಕ್. ಪದಗಳಿಗೆ ದೊರೆಯುವ ರಕ್ಷಣೆಯು ಅವುಗಳ ಸ್ವರೂಪವನ್ನು ಅವಲಂಬಿಸಿದೆ.

* ಸಾಮಾನ್ಯ ಪದ: ವಸ್ತುವಿನ ಹೆಸರೇ ಆಗಿರುವ ಪದ. ಅಕ್ಕಿ ಮಾರುವವರಿಗೆ ‘ಅಕ್ಕಿ’ ಎಂಬ ಪದದ ಮೇಲೆ ಏಕಸ್ವಾಮ್ಯ ದೊರೆಯುವುದಿಲ್ಲ.
* ವಿವರಣಾತ್ಮಕ ಪದ: ಸರಕಿನ ಗುಣ, ಉದ್ದೇಶ ಅಥವಾ ಸ್ಥಳವನ್ನು ತಿಳಿಸುವ ಪದ. ದೀರ್ಘಕಾಲದ ಬಳಕೆಯಿಂದ ಅದು ಒಂದು ಸಂಸ್ಥೆಯನ್ನೇ ಸೂಚಿಸುವಂತಾದರೆ ಮಾತ್ರ ರಕ್ಷಣೆ ಸಿಗುತ್ತದೆ.
* ಸೂಚಕ ಪದ: ಸರಕಿನ ಸ್ವರೂಪವನ್ನು ಪರೋಕ್ಷವಾಗಿ ಧ್ವನಿಸುವ ಪದ.
* ವಿಶಿಷ್ಟ ಪದ: ಸರಕಿಗೆ ಸಂಬಂಧವೇ ಇಲ್ಲದ ಅಥವಾ ಹೊಸದಾಗಿ ಟಂಕಿಸಿದ ಪದ. ಇದಕ್ಕೆ ಅತ್ಯಂತ ಬಲವಾದ ರಕ್ಷಣೆಯಿದೆ.

ಭಾರತದ ಟ್ರೇಡ್‌ಮಾರ್ಕ್ ಕಾಯಿದೆ, ೧೯೯೯ರ ೯ನೇ ಕಲಮು ವಿವರಣಾತ್ಮಕ ಪದಗಳ ನೋಂದಣಿಯನ್ನು ನಿರ್ಬಂಧಿಸುತ್ತದೆ; ಬಳಕೆಯಿಂದ ವೈಶಿಷ್ಟ್ಯ ಗಳಿಸಿದ ಪದಗಳಿಗೆ ವಿನಾಯಿತಿ ನೀಡುತ್ತದೆ. ೨೯ನೇ ಕಲಮು ಹಕ್ಕಿನ ಉಲ್ಲಂಘನೆಯನ್ನು ವಿವರಿಸಿದರೆ, ೩೦ನೇ ಕಲಮು ಪದವನ್ನು ಅದರ ಸಹಜ ಅರ್ಥದಲ್ಲಿ ವಿವರಣೆಗಾಗಿ ಬಳಸುವವರಿಗೆ ರಕ್ಷಣೆ ಕೊಡುತ್ತದೆ.

ಕೀಲಿಪದ ಡೊಮೇನ್‌ಗಳ ಮೂಲಭೂತ ಇಕ್ಕಟ್ಟು ಇಲ್ಲಿದೆ. ಸರಕನ್ನು ನೇರವಾಗಿ ಹೆಸರಿಸುವ ಪದವನ್ನು ಬಳಸುವುದು ಸುರಕ್ಷಿತ. ಆದರೆ ಅದೇ ಪದವನ್ನು ಪ್ರತಿಸ್ಪರ್ಧಿಗಳು ಬಳಸುವುದನ್ನು ತಡೆಯಲು ಸಾಧ್ಯವಾಗುವುದಿಲ್ಲ. ಪ್ರಸಿದ್ಧ ಸಂಸ್ಥೆಯ ಹೆಸರನ್ನು ಜನರು ಹೆಚ್ಚಾಗಿ ಹುಡುಕುತ್ತಾರೆ. ಆದರೆ ಅಂತಹ ಪದವನ್ನು ತನ್ನ ವಿಳಾಸದಲ್ಲಿ ಸೇರಿಸಿಕೊಂಡವನು ವ್ಯಾಜ್ಯಕ್ಕೆ ಗುರಿಯಾಗುತ್ತಾನೆ. ಪ್ರಸಿದ್ಧ ಹೆಸರಿನ ಜೊತೆಗೆ ‘ಅಗ್ಗದ’, ‘ರಿಪೇರಿ’, ‘ಇಂಡಿಯಾ’ ಮುಂತಾದ ಪದಗಳನ್ನು ಸೇರಿಸಿದ ಮಾತ್ರಕ್ಕೆ ಸಾಮ್ಯವು ಸಾಮಾನ್ಯವಾಗಿ ಅಳಿಸಿಹೋಗುವುದಿಲ್ಲ.

ವ್ಯಾಜ್ಯ ಪರಿಹಾರ ವ್ಯವಸ್ಥೆಗಳು

ಬೇರೆಯವರ ಹೆಸರಿನ ಲಾಭ ಪಡೆಯುವ ದುರುದ್ದೇಶದಿಂದ ಡೊಮೇನ್ ಹೆಸರನ್ನು ನೋಂದಾಯಿಸುವುದನ್ನು ಸೈಬರ್‌ಸ್ಕ್ವಾಟಿಂಗ್ ಎನ್ನುತ್ತಾರೆ. ಇದನ್ನು ತಡೆಯಲು ಐಕಾನ್ ಸಂಸ್ಥೆಯು ೧೯೯೯ರಲ್ಲಿ ಏಕರೂಪ ಡೊಮೇನ್ ಹೆಸರು ವ್ಯಾಜ್ಯ ಪರಿಹಾರ ನೀತಿಯನ್ನು, ಅಂದರೆ ಯುಡಿಆರ್‌ಪಿಯನ್ನು, ಅಂಗೀಕರಿಸಿತು. .ಕಾಮ್, .ನೆಟ್, .ಆರ್ಗ್ ಮುಂತಾದ ಹೆಸರುಗಳಿಗೆ ಇದು ಅನ್ವಯಿಸುತ್ತದೆ. ದೂರುದಾರರು ಮೂರು ಅಂಶಗಳನ್ನು ಸಾಬೀತುಪಡಿಸಬೇಕು:

೧. ಡೊಮೇನ್ ಹೆಸರು ದೂರುದಾರರ ಟ್ರೇಡ್‌ಮಾರ್ಕಿಗೆ ಸಮಾನವಾಗಿದೆ ಅಥವಾ ಗೊಂದಲ ಹುಟ್ಟಿಸುವಷ್ಟು ಹೋಲುತ್ತದೆ.
೨. ಹೆಸರನ್ನು ಹೊಂದಿರುವವರಿಗೆ ಅದರ ಮೇಲೆ ಹಕ್ಕಾಗಲಿ ನ್ಯಾಯಸಮ್ಮತ ಹಿತಾಸಕ್ತಿಯಾಗಲಿ ಇಲ್ಲ.
೩. ಹೆಸರನ್ನು ದುರುದ್ದೇಶದಿಂದ ನೋಂದಾಯಿಸಲಾಗಿದೆ ಮತ್ತು ದುರುದ್ದೇಶದಿಂದ ಬಳಸಲಾಗುತ್ತಿದೆ.

ಪ್ರತಿವಾದಿಗೆ ಉತ್ತರ ಸಲ್ಲಿಸಲು ೨೦ ದಿನಗಳ ಅವಕಾಶವಿರುತ್ತದೆ. ಈ ವ್ಯವಸ್ಥೆಯಲ್ಲಿ ಹೆಸರನ್ನು ರದ್ದುಗೊಳಿಸಬಹುದು ಅಥವಾ ದೂರುದಾರರಿಗೆ ವರ್ಗಾಯಿಸಬಹುದು. ಪರಿಹಾರಧನ ಕೊಡಿಸುವ ಅಧಿಕಾರ ಇದಕ್ಕಿಲ್ಲ. ನಿಘಂಟಿನ ಪದವೊಂದನ್ನು ನೋಂದಾಯಿಸಿದ್ದೇನೆ ಎಂಬ ಸಮಜಾಯಿಷಿಯಷ್ಟೇ ಸಾಲದು. ಆ ಪದವನ್ನು ಅದರ ನಿಘಂಟಿನ ಅರ್ಥದಲ್ಲಿ ಪ್ರಾಮಾಣಿಕವಾಗಿ ಬಳಸುತ್ತಿರಬೇಕು ಎಂಬುದು ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆಯ ಅಡಿಯ ಪಂಚಾಯ್ತಿದಾರರು ಅನುಸರಿಸುತ್ತಿರುವ ನಿಲುವು. ಇನ್ನೊಂದೆಡೆ, ನ್ಯಾಯಯುತ ಮಾಲೀಕರಿಂದ ಹೆಸರನ್ನು ಕಿತ್ತುಕೊಳ್ಳಲು ಸುಳ್ಳು ದೂರು ಸಲ್ಲಿಸಿದರೆ ಅದನ್ನು ‘ರಿವರ್ಸ್ ಡೊಮೇನ್ ನೇಮ್ ಹೈಜಾಕಿಂಗ್’ ಎಂದು ತೀರ್ಪಿನಲ್ಲಿ ದಾಖಲಿಸಬಹುದು.

.ಇನ್ ಹೆಸರುಗಳಿಗೆ ಭಾರತದ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್, ಅಂದರೆ ನಿಕ್ಸಿ, ರೂಪಿಸಿದ ಐಎನ್‌ಡಿಆರ್‌ಪಿ ಎಂಬ ಪ್ರತ್ಯೇಕ ನೀತಿ ಇದೆ. ಇದರಲ್ಲಿ ನೋಂದಣಿ ಅಥವಾ ಬಳಕೆ, ಎರಡರಲ್ಲಿ ಒಂದು ದುರುದ್ದೇಶದಿಂದ ಕೂಡಿದ್ದರೂ ಸಾಕು. ಅಮೆರಿಕದಲ್ಲಿ ೧೯೯೯ರ ಸೈಬರ್‌ಸ್ಕ್ವಾಟಿಂಗ್ ವಿರೋಧಿ ಕಾಯಿದೆಯ ಪ್ರಕಾರ ನ್ಯಾಯಾಲಯವು ಪ್ರತಿ ಡೊಮೇನ್ ಹೆಸರಿಗೆ ೧,೦೦೦ದಿಂದ ೧,೦೦,೦೦೦ ಡಾಲರ್‌ವರೆಗೆ ಶಾಸನಬದ್ಧ ಪರಿಹಾರ ವಿಧಿಸಬಹುದು.

ಭಾರತದ ಪ್ರಮುಖ ಪ್ರಕರಣಗಳು

ಡೊಮೇನ್ ಹೆಸರುಗಳಿಗಾಗಿಯೇ ರೂಪಿಸಿದ ಪ್ರತ್ಯೇಕ ಶಾಸನ ಭಾರತದಲ್ಲಿಲ್ಲ. ನ್ಯಾಯಾಲಯಗಳು ಟ್ರೇಡ್‌ಮಾರ್ಕ್ ಕಾನೂನನ್ನೂ, ತನ್ನ ಸರಕು ಅಥವಾ ಸೇವೆಯನ್ನು ಬೇರೊಬ್ಬರದ್ದೆಂದು ಬಿಂಬಿಸುವುದನ್ನು ತಡೆಯುವ ‘ಪಾಸಿಂಗ್ ಆಫ್’ ತತ್ತ್ವವನ್ನೂ ಅನ್ವಯಿಸುತ್ತ ಬಂದಿವೆ.

೧೯೯೯ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು ಯಾಹೂಇಂಡಿಯಾ.ಕಾಮ್ ಎಂಬ ಹೆಸರಿನ ಬಳಕೆಗೆ ತಡೆಯಾಜ್ಞೆ ನೀಡಿತು. ‘ಯಾಹೂ’ ನಿಘಂಟಿನಲ್ಲಿರುವ ಪದ ಎಂಬ ಪ್ರತಿವಾದಿಗಳ ವಾದವನ್ನು ಅದು ಒಪ್ಪಲಿಲ್ಲ.

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಖ್ಯ ತೀರ್ಪು ಬೆಂಗಳೂರಿನಲ್ಲಿ ಆರಂಭವಾದ ದಾವೆಯೊಂದರಿಂದ ಬಂದಿತು. ಸತ್ಯಂ ಇನ್ಫೋವೇ ಸಂಸ್ಥೆಯು ತನ್ನ ಹೆಸರಿನ ಅಕ್ಷರಗಳಿಂದ ‘ಸಿಫಿ’ ಎಂಬ ಪದವನ್ನು ಟಂಕಿಸಿ, ಸಿಫಿನೆಟ್.ಕಾಮ್ ಮುಂತಾದ ಹೆಸರುಗಳನ್ನು ೧೯೯೯ರಲ್ಲಿ ನೋಂದಾಯಿಸಿತ್ತು. ಮತ್ತೊಂದು ಸಂಸ್ಥೆಯು ರೋಮನ್ ಲಿಪಿಯಲ್ಲಿ ಒಂದು ‘ಎಫ್’ ಅಕ್ಷರವಷ್ಟೇ ಹೆಚ್ಚಿದ್ದ ಹೆಸರನ್ನು ಬಳಸತೊಡಗಿತು. ಬೆಂಗಳೂರು ನಗರ ಸಿವಿಲ್ ನ್ಯಾಯಾಲಯವು ತಾತ್ಕಾಲಿಕ ತಡೆಯಾಜ್ಞೆ ನೀಡಿತು. ಕರ್ನಾಟಕ ಉಚ್ಚ ನ್ಯಾಯಾಲಯವು ಅದನ್ನು ತೆಗೆದುಹಾಕಿತು. ೨೦೦೪ರ ಮೇ ೬ರಂದು ಸರ್ವೋಚ್ಚ ನ್ಯಾಯಾಲಯವು ಉಚ್ಚ ನ್ಯಾಯಾಲಯದ ಆದೇಶವನ್ನು ರದ್ದುಪಡಿಸಿ, ಕೆಳ ನ್ಯಾಯಾಲಯದ ಆದೇಶವನ್ನು ಎತ್ತಿಹಿಡಿಯಿತು. ಡೊಮೇನ್ ಹೆಸರು ಕೇವಲ ವಿಳಾಸವಲ್ಲ, ವ್ಯಾಪಾರವನ್ನು ಗುರುತಿಸುವ ಚಿಹ್ನೆಯೂ ಹೌದು. ಆದ್ದರಿಂದ ಅದಕ್ಕೆ ಪಾಸಿಂಗ್ ಆಫ್ ತತ್ತ್ವ ಅನ್ವಯಿಸುತ್ತದೆ ಎಂಬುದು ಈ ತೀರ್ಪಿನ ಸಾರ.

ಕೀಲಿಪದಗಳ ಪ್ರಶ್ನೆಯನ್ನು ಸ್ಪಷ್ಟವಾಗಿ ತೋರಿಸುವುದು ಬಾಂಬೆ ಉಚ್ಚ ನ್ಯಾಯಾಲಯದ ಮುಂದೆ ಶಾದಿ.ಕಾಮ್ ತಾಣದ ಮಾಲೀಕ ಸಂಸ್ಥೆ ಹೂಡಿದ ಎರಡು ದಾವೆಗಳು. ೨೦೧೪ರ ಪ್ರಕರಣದಲ್ಲಿ ಪ್ರತಿವಾದಿಯ ಶಾದಿಹೀಶಾದಿ.ಕಾಮ್ ತಾಣವು, ಓದುಗರಿಗೆ ಕಾಣದ ಆದರೆ ಹುಡುಕುತಾಣಗಳು ಓದಬಲ್ಲ ಮೆಟಾ ಟ್ಯಾಗ್‌ಗಳಲ್ಲಿ ಶಾದಿ.ಕಾಮ್ ಹೆಸರನ್ನು ಬಳಸಿತ್ತು. ನ್ಯಾಯಾಲಯವು ಇದಕ್ಕೆ ತಡೆ ಒಡ್ಡಿತು. ೨೦೧೬ರಲ್ಲಿ ಸೆಕೆಂಡ್‌ಶಾದಿ.ಕಾಮ್ ವಿರುದ್ಧ ಅದೇ ಸಂಸ್ಥೆ ಕೋರಿದ ಮಧ್ಯಂತರ ತಡೆಯಾಜ್ಞೆಯನ್ನು ನ್ಯಾಯಾಲಯ ನಿರಾಕರಿಸಿತು. ‘ಶಾದಿ’ ಎಂದರೆ ಮದುವೆ. ವಧೂವರರ ಅನ್ವೇಷಣೆಯ ಸೇವೆಗೆ ಅದು ವಿವರಣಾತ್ಮಕ ಪದ ಎಂಬುದು ಅದಕ್ಕೆ ಕಾರಣ. ಬೇರೆಯವರ ತಾಣದ ಹೆಸರನ್ನು ಹಿಡಿದು ಅವರ ಓದುಗರನ್ನು ಸೆಳೆಯುವುದಕ್ಕೂ, ಎಲ್ಲರಿಗೂ ಸೇರಿದ ಪದವನ್ನು ಅದರ ಅರ್ಥದಲ್ಲಿ ಬಳಸುವುದಕ್ಕೂ ಇರುವ ಅಂತರ ಈ ಎರಡು ಆದೇಶಗಳಿಂದ ತಿಳಿಯುತ್ತದೆ.

ಬುಕಿಂಗ್.ಕಾಮ್ ತೀರ್ಪು

ಸಾಮಾನ್ಯ ಪದಕ್ಕೆ .ಕಾಮ್ ಸೇರಿಸಿದರೆ ಅದು ಟ್ರೇಡ್‌ಮಾರ್ಕ್ ಆಗಬಲ್ಲುದೇ ಎಂಬ ಪ್ರಶ್ನೆಯನ್ನು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು ೨೦೨೦ರ ಜೂನ್ ೩೦ರಂದು ನಿರ್ಣಯಿಸಿತು. ಇಂತಹ ಎಲ್ಲ ಹೆಸರುಗಳನ್ನೂ ಸಾರಾಸಗಟಾಗಿ ಸಾಮಾನ್ಯ ಪದಗಳೆಂದು ತಳ್ಳಿಹಾಕುವಂತಿಲ್ಲ, ಗ್ರಾಹಕರು ಆ ಹೆಸರನ್ನು ಹೇಗೆ ಗ್ರಹಿಸುತ್ತಾರೆ ಎಂಬುದೇ ಮಾನದಂಡ ಎಂದು ೮–೧ರ ಬಹುಮತದಿಂದ ತೀರ್ಪು ಬಂದಿತು. ಬಹುಮತದ ತೀರ್ಪನ್ನು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ಬರೆದರು. ಆದರೆ ವಿವರಣಾತ್ಮಕ ಹೆಸರಿಗೆ ದೊರೆಯುವ ರಕ್ಷಣೆಯ ವ್ಯಾಪ್ತಿ ಕಿರಿದು. ಅದನ್ನು ಹೋಲುವ ಹೆಸರುಗಳ ವಿರುದ್ಧ ಗೊಂದಲವನ್ನು ಸಾಬೀತುಪಡಿಸುವುದು ಕಷ್ಟ ಎಂಬುದನ್ನೂ ಆ ತೀರ್ಪು ಗುರುತಿಸಿದೆ.

ಕನ್ನಡ ಲಿಪಿಯ ಡೊಮೇನ್ ಹೆಸರುಗಳು

ಡೊಮೇನ್ ಹೆಸರುಗಳನ್ನು ಈಗ ಕನ್ನಡ ಲಿಪಿಯಲ್ಲಿಯೂ ಪಡೆಯಬಹುದು, ಅದಕ್ಕಾಗಿ ‘.ಭಾರತ’ ಎಂಬ ಅಂತ್ಯವಿದೆ. ಒಳಗೆ ಇವು ಪ್ಯೂನಿಕೋಡ್ ಎಂಬ ಸಂಕೇತ ರೂಪಕ್ಕೆ ಪರಿವರ್ತನೆಗೊಂಡು ಕೆಲಸ ಮಾಡುತ್ತವೆ. ಪ್ರಸಿದ್ಧ ಹೆಸರನ್ನು ಬೇರೆ ಲಿಪಿಯಲ್ಲಿ ಬರೆದುಕೊಂಡರೆ ಟ್ರೇಡ್‌ಮಾರ್ಕ್ ಸಮಸ್ಯೆಯಿಂದ ಪಾರಾಗಬಹುದು ಎಂಬುದು ತಪ್ಪು ಕಲ್ಪನೆ. ಉಚ್ಚಾರಣೆಯ ಸಾಮ್ಯವೂ ಪರಿಗಣನೆಗೆ ಬರುತ್ತದೆ. ೨೯ನೇ ಕಲಮಿನ ೯ನೇ ಉಪಕಲಮು ಪದರೂಪದ ಚಿಹ್ನೆಯನ್ನು ಮಾತಿನಲ್ಲಿ ಬಳಸುವುದನ್ನೂ ಉಲ್ಲಂಘನೆಯ ವ್ಯಾಪ್ತಿಗೆ ಸೇರಿಸಿದೆ. ಕನ್ನಡ ಮತ್ತು ತೆಲುಗು ಲಿಪಿಗಳ ಹಲವು ಅಕ್ಷರಗಳು ನೋಟಕ್ಕೆ ಒಂದೇ ಬಗೆಯಾಗಿರುವುದರಿಂದ ವಿಳಾಸಗಳ ಬಗ್ಗೆ ಗೊಂದಲ ಉಂಟಾಗುವ ಸಾಧ್ಯತೆಯೂ ಇದೆ.

ನೋಂದಣಿಗೆ ಮುನ್ನ ಪರಿಶೀಲಿಸುವ ಅಂಶಗಳು

* ಪದವು ಸರಕಿನ ಸಾಮಾನ್ಯ ಹೆಸರೇ ಅಥವಾ ಯಾವುದಾದರೂ ಸಂಸ್ಥೆಯನ್ನು ಸೂಚಿಸುತ್ತದೆಯೇ ಎಂಬುದು.
* ಭಾರತೀಯ ಟ್ರೇಡ್‌ಮಾರ್ಕ್ ನೋಂದಣಿ ಕಚೇರಿಯ ಸಾರ್ವಜನಿಕ ಹುಡುಕಾಟ ಪುಟದಲ್ಲಿ ಆ ಪದದ ದಾಖಲೆಗಳು. ಸರಕು ಮತ್ತು ಸೇವೆಗಳನ್ನು ಅಲ್ಲಿ ೪೫ ವರ್ಗಗಳಾಗಿ ವಿಂಗಡಿಸಲಾಗಿದೆ.
* ನೋಂದಣಿಯಾಗದಿದ್ದರೂ ಮಾರುಕಟ್ಟೆಯಲ್ಲಿ ಬಳಕೆಯಲ್ಲಿರುವ ಹೆಸರುಗಳು. ಇವುಗಳಿಗೂ ಪಾಸಿಂಗ್ ಆಫ್ ರಕ್ಷಣೆ ಇದೆ.
* ಈಗಾಗಲೇ ಬೇರೆಯವರ ಬಳಿಯಿರುವ ಹೆಸರನ್ನು ಕೊಳ್ಳುವುದಾದರೆ ಅದರ ಹಿಂದಿನ ಬಳಕೆ ಮತ್ತು ವ್ಯಾಜ್ಯಗಳ ಇತಿಹಾಸ.

ಇವನ್ನೂ ನೋಡಿ

* ಡೊಮೇನ್ ನೇಮ್ ಸಿಸ್ಟಂ
* ಸರ್ಚ್ ಎಂಜಿನ್ ಆಪ್ಟಿಮೈಸೇಶನ್
* ಟ್ರೇಡ್‌ಮಾರ್ಕ್
* ಸೈಬರ್‌ಸ್ಕ್ವಾಟಿಂಗ್