ಏರಿಸುವುದು ಹೇಗೆ, ಸ್ವಾಮಿ?

ಒಂದು ಸಂಜೆ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ತಾಯಿಯೊಬ್ಬರು ನನ್ನ ಬಳಿಗೆ ಬಂದರು. "ಸ್ವಾಮಿ, ದಿನಾ ಜಪಸರ ಹೇಳ್ತೀನಿ. ಬಾಯಿ ಹೇಳ್ತಿರುತ್ತೆ, ಮನಸ್ಸು ಒಲೆ ಮೇಲಿನ ಹಾಲಿನ ಹತ್ರ ಇರುತ್ತೆ. ಪ್ರಾರ್ಥನೆ ಮಾಡೋದನ್ನ ಕಲಿಸಿಕೊಡಿ" ಎಂದರು. ಪ್ರಾರ್ಥನೆಯೆಂದರೆ ಮನಸ್ಸನ್ನು ದೇವರ ಕಡೆಗೆ ಏರಿಸುವುದು ಎಂಬ, ದಮಸ್ಕದ ಸಂತ ಯೊವಾನ್ನರ ವ್ಯಾಖ್ಯೆಯನ್ನು ಒಪ್ಪಿಸಿದೆ. ಆಕೆ ವಿನಯದಿಂದಲೇ, "ಅದು ಸರಿ ಸ್ವಾಮಿ, ಏರಿಸೋದು ಹೇಗೆ?" ಎಂದು ಕೇಳಿದರು.

ನನ್ನಲ್ಲಿ ಉತ್ತರವಿರಲಿಲ್ಲ. ಮೂರು ವರ್ಷ ತತ್ತ್ವಶಾಸ್ತ್ರ, ನಾಲ್ಕು ವರ್ಷ ದೈವಶಾಸ್ತ್ರ ಓದಿದವನು ನಾನು. ದೇವರ ಅಸ್ತಿತ್ವಕ್ಕೆ ಸಂತ ಥಾಮಸ್ ಅಕ್ವಿನಾಸರು ತೋರಿದ ಐದು ಮಾರ್ಗಗಳನ್ನು ನಿದ್ದೆಗಣ್ಣಿನಲ್ಲೂ ಹೇಳಬಲ್ಲೆ. ಗುರುಮಠದಲ್ಲಿ ಬೆಳಗಿನ ಜಾವ ಅರ್ಧ ಗಂಟೆ ಧ್ಯಾನಕ್ಕೆಂದೇ ಮೀಸಲಿತ್ತು. ಗಂಟೆ ಬಾರಿಸಿದಾಗ ಕುಳಿತೆವು, ಮತ್ತೆ ಬಾರಿಸಿದಾಗ ಎದ್ದೆವು. ನಡುವೆ ಮಾಡಬೇಕಾದುದೇನೆಂದು ಪಕ್ಕದಲ್ಲಿ ಕುಳಿತು ತೋರಿಸಿಕೊಟ್ಟವರು ವಿರಳ. (ತೂಕಡಿಸಿದ ದಿನಗಳೂ ಉಂಟು, ಮುಚ್ಚಿಡುವುದೇಕೆ?) ಶಿಷ್ಯರು ಇದನ್ನೇ ಕೇಳಿದಾಗ ಯೇಸುಸ್ವಾಮಿ ವ್ಯಾಖ್ಯೆ ಕೊಡಲಿಲ್ಲ, ಹೇಳಬೇಕಾದ ಮಾತುಗಳನ್ನೇ ಕಲಿಸಿದರೆಂದು ಸಂತ ಲೂಕರು ಬರೆದಿದ್ದಾರೆ.

ದೋಷ ಶಾಸ್ತ್ರದ್ದಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆಯು ಗುರುಮಠಗಳನ್ನು ಸ್ಥಾಪಿಸಬೇಕೆಂದು ವಿಧಿಸಿದ್ದು, ಯಾಜಕರ ಅಜ್ಞಾನದಿಂದ ಜನರು ನೊಂದಿದ್ದ ಕಾಲದಲ್ಲಿ. ಭಕ್ತಿಯೊಂದಿದ್ದರೆ ಸಾಕು, ಶಾಸ್ತ್ರವೇಕೆ ಎನ್ನುವವರು ಇಂದೂ ಇದ್ದಾರೆ. ಅಂಥ ಭಕ್ತಿ ಪವಾಡದ ಸುದ್ದಿಯ ಬೆನ್ನುಹತ್ತಿ ಊರೂರು ಅಲೆಯುವುದನ್ನು ಕಂಡಿದ್ದೇವೆ. ಆದರೆ ಶಾಸ್ತ್ರದ ಪಕ್ಕದಲ್ಲಿ ಸಾಧನೆಯೂ ಇರಬೇಕಿತ್ತು. ಯಾಜಕರ ತರಬೇತಿಗೆಂದು 2016ರಲ್ಲಿ ರೋಮ್ ಪ್ರಕಟಿಸಿದ ಮಾರ್ಗಸೂಚಿಯು, ತತ್ತ್ವಶಾಸ್ತ್ರಕ್ಕೂ ಮೊದಲು ಒಂದೆರಡು ವರ್ಷಗಳ ಪೂರ್ವಸಿದ್ಧತೆಯನ್ನು ಕಡ್ಡಾಯಗೊಳಿಸಿ, ಪ್ರಾರ್ಥನಾ ಜೀವನಕ್ಕೆ ಅಲ್ಲಿಯೇ ಬುನಾದಿ ಹಾಕಬೇಕೆಂದಿತು. ನನ್ನ ಪಾಲಿಗೆ ಅದು ಹಂಗಾಮು ಕಳೆದ ಮೇಲೆ ಬಂದ ಮಳೆ, ಕಿರಿಯರಿಗಾದರೂ ದಕ್ಕಲಿ.

ಯಾಜಕರದೇ ಹೀಗಾದರೆ ಶ್ರೀಸಾಮಾನ್ಯರ ಪಾಡೇನು? ಮಕ್ಕಳಿಗೆ ಜಪಗಳನ್ನು ಬಾಯಿಪಾಠ ಮಾಡಿಸಿ, ದೃಢೀಕರಣ ಸಂಸ್ಕಾರವಾದೊಡನೆ ಕೈಬಿಡುತ್ತೇವೆ. 1967ರಲ್ಲಿ ಫಾದರ್ ಅಮಲೋರ್ಪವದಾಸರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ದೈವಾರಾಧನಾ ಕೇಂದ್ರವು ಗುರುಗಳಿಗೂ ಕನ್ಯಾಸ್ತ್ರೀಯರಿಗೂ ಶ್ರೀಸಾಮಾನ್ಯರಿಗೂ ತರಬೇತಿ ನೀಡಿದೆ. ಆದರೆ ಹೊಲ, ಕೂಲಿ, ಕಚೇರಿ ಬಿಟ್ಟು ಅಲ್ಲಿಗೆ ಹೋಗಬಲ್ಲವರು ಎಷ್ಟು ಮಂದಿ?

ಆ ತಾಯಿಗೆ ಉತ್ತರ ಹುಡುಕುತ್ತಾ ನಾನು ಮರಳಿದ್ದು, 12ನೆಯ ಶತಮಾನದ ಕಾರ್ಥೂಸಿಯನ್ ಸನ್ಯಾಸಿ ಎರಡನೆಯ ಗೀಗೋ ಬರೆದ ಕಿರುಕೃತಿಗೆ. ಓದು, ಮನನ, ಪ್ರಾರ್ಥನೆ, ದೇವರಲ್ಲಿ ತಲ್ಲೀನತೆ ಎಂಬ ನಾಲ್ಕು ಮೆಟ್ಟಿಲುಗಳು ಅವರವು. ತುತ್ತನ್ನು ಬಾಯಿಗಿಡುವುದು ಓದು, ಅಗಿಯುವುದು ಮನನ. ಇದಕ್ಕೆ ಲತೀನ್ ಭಾಷೆಯೂ ಬೇಡ, ಪದವಿಯೂ ಬೇಡ.

ಕಳೆದ ತಪಸ್ಸು ಕಾಲದಿಂದ ಗುರುವಾರ ಸಂಜೆ ಹದಿನೈದಿಪ್ಪತ್ತು ಮಂದಿ ದೇವಾಲಯದಲ್ಲಿ ಸೇರುತ್ತಿದ್ದೇವೆ. ಶುಭಸಂದೇಶದ ಒಂದು ಭಾಗವನ್ನು ನಿಧಾನವಾಗಿ ಎರಡು ಸಲ ಓದಿ, ಮನ ತಟ್ಟಿದ ಒಂದೇ ಮಾತನ್ನು ಹಿಡಿದು ಕಾಲು ಗಂಟೆ ಸುಮ್ಮನಿರುತ್ತೇವೆ. ಬಳಿಕ ಇಷ್ಟವಿದ್ದವರು ಒಂದು ವಾಕ್ಯದಲ್ಲಿ ಪ್ರಾರ್ಥಿಸುತ್ತಾರೆ. ಪ್ರಬೋಧನೆ ಇಲ್ಲ, ನನಗೆ ಅದೇ ಕಷ್ಟ. ಮೊದಲ ವಾರ ಮೊಬೈಲು ಎರಡು ಸಲ ಮೊಳಗಿತು, ಒಂದು ನನ್ನದೇ. ಮನಸ್ಸು ಹಾಲಿನ ಹತ್ತಿರ ಹೋದರೆ ಅದನ್ನು ಗದರದೆ ಆ ಮಾತಿಗೇ ಮರಳಿ ಕರೆತರುವುದು, ಏರಿಸುವುದೆಂದರೆ ಬಹುಮಟ್ಟಿಗೆ ಇಷ್ಟೇ ಎಂಬುದನ್ನು ನಾನೂ ಅವರೊಡನೆ ಕುಳಿತೇ ಕಲಿಯುತ್ತಿದ್ದೇನೆ.

ಬರುವ ಗುರುವಾರ ಸಂತ ಮಾರ್ಕರ 10ನೆಯ ಅಧ್ಯಾಯದ ಕುರುಡ ಬಾರ್ತಿಮಾಯನ ಪ್ರಸಂಗ. ಅದನ್ನು ಆರಿಸಿದವರು ಆ ತಾಯಿಯೇ.