ನಮ್ಮ ಮನೆಗೆ ಬಂದ ಮೇಡಂ

ಕೊಳೆರೋಗ, ಬೋರ್ಡೋ ದ್ರಾವಣ, ಮಾರುಕಟ್ಟೆ ಧಾರಣೆಗಳ ನಡುವೆ ಇಂಥದೊಂದು ಬರಹಕ್ಕೆ ನಮ್ಮ ಪತ್ರಿಕೆಯಲ್ಲಿ ಜಾಗ ಉಂಟೇ ಎಂಬ ಅಳುಕಿನಿಂದಲೇ ಬರೆಯುತ್ತಿದ್ದೇನೆ. ಕಳೆದ ಸರ್ವಸದಸ್ಯರ ಸಭೆಯಲ್ಲಿ ಊಟಕ್ಕೆ ಕುಳಿತಾಗ ಈ ಸಂಗತಿ ಹೇಳಿದೆ. ಕೇಳಿದವರು "ಇದನ್ನು ಬರೆದುಕೊಡಿ" ಎಂದು ಹಟ ಹಿಡಿದರು. ಬರೆದಿದ್ದೇನೆ. ಹಿಡಿಸದಿದ್ದವರು ಮುಂದಿನ ಪುಟದ ಧಾರಣೆ ನೋಡಿಕೊಳ್ಳಬಹುದು.

ನಮ್ಮದು ಚನ್ನಗಿರಿ ತಾಲ್ಲೂಕಿನಲ್ಲಿ ಭದ್ರಾ ನಾಲೆಯ ಕೆಳಗೆ ಎರಡೂವರೆ ಎಕರೆ ಅಡಿಕೆ ತೋಟ. ನನ್ನ ತಂದೆಯ ಕಾಲಕ್ಕೆ ಅದು ಗದ್ದೆಯಾಗಿತ್ತು. ಮಗಳ ಓದಿಗಾಗಿ ದಾವಣಗೆರೆಯಲ್ಲಿ ಮನೆ ಮಾಡಿದ್ದೇವೆ. 2019ರ ಸೆಪ್ಟೆಂಬರ್ ಮಧ್ಯದಲ್ಲಿ ಪರಿಚಯದ ಮುಖ್ಯೋಪಾಧ್ಯಾಯರೊಬ್ಬರು ಬಂದು, "ಅಮೆರಿಕದಿಂದ ಒಬ್ಬ ಹುಡುಗಿ ಎಂಟು ವಾರ ನಮ್ಮ ಶಾಲೆಯಲ್ಲಿ ಪಾಠ ಹೇಳಲು ಬರುತ್ತಾಳೆ. ಹಾಸ್ಟೆಲಿನಲ್ಲಿ ಇರುವಂತಿಲ್ಲ, ಮನೆಯಲ್ಲೇ ಇರಬೇಕಂತೆ. ನಿಮ್ಮಲ್ಲಿ ಒಂದು ಕೋಣೆ ಖಾಲಿ ಇದೆಯಲ್ಲ?" ಎಂದರು. ನಾನು ಹೆಂಡತಿಯ ಮುಖ ನೋಡಿದೆ. ಅವಳು, "ನಾವು ತಿನ್ನೋದೇ ತಿನ್ನೋದಾದ್ರೆ ಬರ್ಲಿ" ಎಂದಳು. ಮಾತು ಅಲ್ಲಿಗೆ ಮುಗಿಯಿತು.

ನಮ್ಮಲ್ಲಿ ಬಿ.ಎಡ್. ಓದುವವರು ಹತ್ತಿರದ ಶಾಲೆಗಳಲ್ಲಿ ಅಭ್ಯಾಸ ಪಾಠ ಮಾಡುವುದುಂಟಷ್ಟೆ. ಅಮೆರಿಕದಲ್ಲೂ ಮೇಷ್ಟರಾಗಬೇಕಾದವರಿಗೆ ಅದು ಕಡ್ಡಾಯ. ಅಲ್ಲಿಯ ಕೆಲವು ವಿಶ್ವವಿದ್ಯಾಲಯಗಳು ಅದರ ಒಂದು ಭಾಗವನ್ನು ಪರದೇಶದ ಶಾಲೆಯಲ್ಲಿ ಮಾಡಲು ಬಿಡುತ್ತವೆ. ಇದರಲ್ಲಿ ಹೆಸರಾದುದು ಬ್ಲೂಮಿಂಗ್‌ಟನ್ ಊರಿನ ಇಂಡಿಯಾನಾ ವಿಶ್ವವಿದ್ಯಾಲಯ. 1970ರ ದಶಕದಲ್ಲಿ ಅಲ್ಲಿ ಆರಂಭವಾದ ಈ ವ್ಯವಸ್ಥೆಯಲ್ಲಿ ಭಾರತವೂ ಸೇರಿದಂತೆ ಹಲವು ದೇಶಗಳಿಗೆ ಹುಡುಗ ಹುಡುಗಿಯರು ಹೋಗಿ, ಆ ಊರಿನ ಸಂಸಾರಗಳಲ್ಲೇ ಉಳಿದು ಪಾಠ ಹೇಳುತ್ತಾರೆ. ನಮ್ಮಲ್ಲಿಗೆ ಬಂದವಳು ಓದಿದ್ದು ಬೇರೆ ಕಡೆ, ಆದರೆ ಕ್ರಮ ಅದೇ. ಶಾಲೆಯಲ್ಲಿ ಕಲಿಸಿದ್ದನ್ನು ಬರೆದರೆ ಸಾಲದು, ಮನೆಯಲ್ಲಿ, ಸಂತೆಯಲ್ಲಿ ತಾನು ಕಲಿತದ್ದನ್ನೂ ವಾರವಾರ ಬರೆದು ಕಳಿಸಬೇಕು. ಬ್ಲೂಮಿಂಗ್‌ಟನ್ ಎಂದಾಗ ನನಗೆ ನೆನಪಾದದ್ದು ಎ.ಕೆ. ರಾಮಾನುಜನ್. ಬೆಳಗಾವಿಯಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಈ ಮೈಸೂರಿನವರು 1959ರಲ್ಲಿ ಅದೇ ಊರಿಗೆ ಓದಲು ಹೋಗಿ, 1963ರಲ್ಲಿ ಡಾಕ್ಟರೇಟ್ ಪಡೆದರು. ಆಗ ನಮ್ಮ ಮೇಷ್ಟರು ಅಲ್ಲಿಗೆ ವಿದ್ಯಾರ್ಥಿಯಾಗಿ ಹೋದರು, ಈಗ ಅಲ್ಲಿಯ ವಿದ್ಯಾರ್ಥಿಗಳು ಮೇಷ್ಟರಾಗಿ ಇಲ್ಲಿಗೆ ಬರುತ್ತಾರೆ. ಹಿರಿಯರಿಗೆ ಪೀಸ್ ಕೋರ್ ಯುವಕರ ನೆನಪೂ ಇರಬಹುದು. 1961ರಿಂದ 1976ರವರೆಗೆ ಭಾರತದ ಹಳ್ಳಿಗಳಲ್ಲಿ ಕೋಳಿ ಸಾಕಣೆ, ಬೇಸಾಯ, ಪಾಠ ಎಂದು ಓಡಾಡಿದವರು ಅವರು.

ಹುಡುಗಿಗೆ ಇಪ್ಪತ್ತೆರಡು ವರ್ಷ. ಹೆಸರು ನನ್ನ ತಾಯಿಯ ನಾಲಿಗೆಗೆ ಹೊರಳಲಿಲ್ಲ, ಆದ್ದರಿಂದ 'ಮೇಡಂ' ಎಂದೇ ಆಯಿತು. ದಿನ ಬೆಳಗಾದರೆ ತಾಯಿ, "ಮೇಡಂ, ನಿದ್ದೆ ಬಂತೇನವ್ವಾ?" ಎನ್ನುವುದು, ಅವಳು "ಬಂತು ಅಜ್ಜಿ" ಎನ್ನುವುದು. ಮೊದಲ ವಾರ ನನ್ನನ್ನು ಅಂಕಲ್ ಎಂದಳು, ಆಮೇಲೆ ಮಗಳನ್ನು ಕೇಳಿ ಕೇಳಿ 'ಅಪ್ಪಾಜಿ' ಎನ್ನತೊಡಗಿದಳು. ನಮ್ಮ ಜೋಳದ ರೊಟ್ಟಿ ಮುರಿಯದೆ ಮಡಚುವುದನ್ನು ಕಲಿಯಲು ಅವಳಿಗೆ ಹತ್ತು ದಿನ ಹಿಡಿಯಿತು.

ಶನಿವಾರ ಮಧ್ಯಾಹ್ನದಿಂದ ಭಾನುವಾರ ಸಂಜೆಯವರೆಗೆ ತಿರುಗಾಟ. ಮೊದಲನೆಯ ವಾರ ಊರೊಳಗೇ ಮುಗಿಯಿತು. ಬೆಳಿಗ್ಗೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ. ಹತ್ತಿ ಗಿರಣಿಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರನ್ನು ಈಗ ಜನ ದೋಸೆಯಿಂದ ಗುರುತಿಸುತ್ತಾರೆ ಎಂದು ನಾನು ಸ್ವಲ್ಪ ಬೇಸರದಿಂದಲೇ ಹೇಳಿದೆ. ಅವಳು ಎರಡನೆಯ ದೋಸೆ ತಿನ್ನುತ್ತಿದ್ದಳು, ನನ್ನ ಬೇಸರ ಅವಳಿಗೆ ತಾಗಲಿಲ್ಲ.

ಎರಡನೆಯ ವಾರ ಹರಿಹರ. ಸುಮಾರು 14 ಕಿಲೋಮೀಟರು, ಬಸ್ಸಿನಲ್ಲೇ ಹೋದೆವು. ಹರಿಹರೇಶ್ವರ ದೇವಸ್ಥಾನವನ್ನು 1224ರ ಸುಮಾರಿಗೆ ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವ ಕಟ್ಟಿಸಿದ. 1268ರಲ್ಲಿ ಮೂರನೆಯ ನರಸಿಂಹನ ಕಾಲದ ಸೋಮ ದಂಡನಾಯಕ ಅದನ್ನು ಹೆಚ್ಚಿಸಿದ. ಬಲಭಾಗ ಶಿವ, ಎಡಭಾಗ ವಿಷ್ಣು ಆಗಿರುವ ಮೂರ್ತಿಯ ಮುಂದೆ ಅವಳು ಬಹಳ ಹೊತ್ತು ನಿಂತಳು. ಏಕೆ ಹೀಗೆ ಎಂದಾಗ ಗುಹಾಸುರನ ಕಥೆ ಹೇಳಿದೆ. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ಬ್ರಹ್ಮನಿಂದ ವರ ಪಡೆದು ಮೆರೆದವನನ್ನು ಇಬ್ಬರೂ ಒಂದೇ ದೇಹವಾಗಿ ಬಂದು ಕೊಂದರು. "ವರದ ಕಾಗದ ಸರಿಯಾಗಿ ಓದಿಕೊಳ್ಳಲಿಲ್ಲ" ಎಂದು ಅವಳು ನಕ್ಕಳು. ನಮ್ಮ ಸಾಲದ ಪತ್ರಗಳ ನೆನಪಾಗಿ ನಾನೂ ನಕ್ಕೆ.

ಮಂಟಪದ ಕಂಬಗಳನ್ನು ನೋಡಿದವರಿಗೆ ಗೊತ್ತು, ಕಲ್ಲನ್ನು ತಿರುಗಿಸಿ ಕಡೆದ ನುಣುಪು ಅವುಗಳದು. ಏಳು ನೂರು ವರ್ಷಗಳ ನಂತರ, 1941ರಲ್ಲಿ, ಅದೇ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಂಪನಿ ಲೇತ್ ಯಂತ್ರಗಳನ್ನು ಮಾಡಲು ತೊಡಗಿತು. ಕಬ್ಬಿಣ ಕಡೆಯುವ ಯಂತ್ರಕ್ಕೆ ಕಲ್ಲು ಕಡೆದ ಊರೇ ಸಿಕ್ಕಿತಲ್ಲ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಆ ಕಾರ್ಖಾನೆ ಮುಚ್ಚಿಹೋಯಿತು, ಕಂಬಗಳು ನಿಂತಿವೆ. ಹೊಳೆಗೂ ಇಳಿದೆವು. ಕೂಡಲಿಯಲ್ಲಿ ತುಂಗೆ ಭದ್ರೆಯರು ಸೇರಿ ಬರುವ ಹೊಳೆ, ಮಳೆಗಾಲದ ಕೆಂಪು ಇನ್ನೂ ಪೂರ್ತಿ ಹೋಗಿರಲಿಲ್ಲ. ಮೇಡಂ ಅವರ ಒಂದು ಚಪ್ಪಲಿ ನೀರಿನ ಪಾಲಾಯಿತು. ಇನ್ನೊಂದನ್ನು ಕೈಯಲ್ಲಿ ಹಿಡಿದು ಬಸ್ ನಿಲ್ದಾಣದವರೆಗೆ ಬರಿಗಾಲಿನಲ್ಲಿ ನಡೆದಳು.

ಸೂಳೆಕೆರೆಯ ಪ್ರವಾಸ ಮೂರನೆಯ ವಾರದ್ದು. ಶಾಂತವ್ವೆಯ ಕಥೆ ಹೇಳಿದ್ದು, ಏರಿಯ ಮೇಲಿನ ಸಿದ್ಧೇಶ್ವರನಿಗೆ ಕೈಮುಗಿದದ್ದು, ಆರು ಸಾವಿರ ಎಕರೆಗೂ ಮೀರಿ ಹರಡಿದ ನೀರು ನೋಡಿ ಅವಳು "ಇದು ಕೆರೆಯಾ?" ಎಂದದ್ದು, ಇಷ್ಟೇ. ಹಿಂತಿರುಗುವಾಗ ಕಾರಿನ ಚಕ್ರ ಪಂಕ್ಚರಾಗಿ, ಬದಲಿ ಚಕ್ರದಲ್ಲೂ ಗಾಳಿಯಿಲ್ಲದೆ, ಅಡಿಕೆ ಚೀಲ ಹೇರಿದ ಲಗೇಜು ಆಟೋದ ಹಿಂದೆ ಕೂತು ಬಂದೆವು. ತನ್ನ ವಾರದ ವರದಿಯಲ್ಲಿ ಅವಳು ಕೆರೆಗೆ ನಾಲ್ಕು ಸಾಲು, ಆಟೋಗೆ ಎರಡು ಪುಟ ಬರೆದಳಂತೆ.

ದಸರಾ ರಜೆಯಲ್ಲಿ ತೋಟದ ಮನೆಗೆ ಕರೆದುಕೊಂಡು ಹೋದೆವು. ಸುತ್ತಲಿನವರು ಹೆಚ್ಚಾಗಿ ಖೇಣಿಗೆ ಕೊಡುತ್ತಾರೆ, ನಾನು ಮಾತ್ರ ನಮ್ಮ ಅಂಗಳದಲ್ಲೇ ಬೇಯಿಸುತ್ತೇನೆ. ಕೊನೆಗಾರ ಒಂದು ಮರದಿಂದ ಇನ್ನೊಂದಕ್ಕೆ ಜೀಕಿ ದಾಟಿದಾಗ ಅವಳು ಕಣ್ಣು ಮುಚ್ಚಿಕೊಂಡಳು. ಸಂಜೆ ಸುಲಿಯುವ ಹೆಂಗಸರ ಸಾಲಿನಲ್ಲಿ ಕುಳಿತು ತಾನೂ ಮೆಟ್ಟುಗತ್ತಿ ಹಿಡಿದಳು. ಪಕ್ಕದವಳು ಡಬ್ಬ ತುಂಬುವ ಹೊತ್ತಿಗೆ ಇವಳದು ಹದಿನೇಳು ಅಡಿಕೆ, ಅದರಲ್ಲೂ ಅರ್ಧ ಗಾಯವಾದವು. ಡಬ್ಬಕ್ಕೆ ಎಷ್ಟು ಕೂಲಿ, ಮಕ್ಕಳನ್ನು ಎಲ್ಲಿ ಬಿಟ್ಟು ಬರುತ್ತೀರಿ, ಸುಗ್ಗಿ ಮುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳಿ ಕೇಳಿ ಬರೆದುಕೊಂಡಳು. ಹಂಡೆಯ ಚೊಗರಿಗೆ ಬೆರಳದ್ದಿ ನೆಕ್ಕಿ ಮುಖ ಕಿವಿಚಿದಳು. ಆ ಕಂದು ಬಣ್ಣ ಅವಳ ಬೆರಳಿನಿಂದ ಒಂದು ವಾರ ಹೋಗಲಿಲ್ಲ. "ಇಷ್ಟೆಲ್ಲ ಮಾಡಿ ಇದನ್ನು ಯಾರು ತಿನ್ನುತ್ತಾರೆ?" ಎಂದು ಕೇಳಿದಳು. ಪೂಜೆಗೆ, ಮದುವೆಗೆ, ಊಟದ ನಂತರದ ತಾಂಬೂಲಕ್ಕೆ ಎಂದು ಹೇಳಿದೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನಾವು ಬೇಯಿಸಿ ಒಣಗಿಸಿದ್ದರಲ್ಲಿ ದೊಡ್ಡ ಪಾಲು ಉತ್ತರದ ಪಾನ್ ಮಸಾಲೆ ಕಾರ್ಖಾನೆಗಳಿಗೆ ಹೋಗುತ್ತದೆಂದು ನಮಗೆ ನಿಮಗೆ ಗೊತ್ತಿಲ್ಲವೇ?

ಶಾಲೆ ಮತ್ತೆ ತೆರೆದ ವಾರದಲ್ಲಿ ಒಂದು ರಾತ್ರಿ ಅವಳು ಊಟ ಸರಿಯಾಗಿ ಮಾಡಲಿಲ್ಲ. ಎಂಟನೆಯ ತರಗತಿಯ ಹುಡುಗನ ಜೇಬಿನಲ್ಲಿ ಎರಡು ಪೊಟ್ಟಣ ಸಿಕ್ಕಿದ್ದವು, ಒಂದು ಪಾನ್ ಮಸಾಲೆ, ಇನ್ನೊಂದು ತಂಬಾಕು. ಕರ್ನಾಟಕದಲ್ಲಿ 2013ರಲ್ಲೇ ಗುಟ್ಕಾ ನಿಷೇಧವಾಯಿತು. ಮಾರುವವರು ಎರಡನ್ನೂ ಬೇರೆ ಬೇರೆ ಪೊಟ್ಟಣ ಮಾಡಿದರು, ಬೆರೆಸುವ ಕೆಲಸ ಗಿರಾಕಿಯದಾಯಿತು. ಅವಳಿಗೆ ವಿಜ್ಞಾನದ ಪಾಠದಲ್ಲಿ ಬಾಯಿಯ ರೋಗದ ವಿಷಯ ತೆಗೆದುಕೊಳ್ಳಬೇಕೆಂದಿತ್ತು. ಜೊತೆಯ ಶಿಕ್ಷಕಿ, "ನೀನಿರೋದು ಅಡಿಕೆಯವರ ಮನೇಲಿ, ಒಂದು ಮಾತು ಕೇಳಿ ಮಾಡು" ಎಂದಿದ್ದರಂತೆ.

"ಅಪ್ಪಾಜಿ, ನಾನು ಹೇಳಬಹುದಾ?" ಎಂದಳು.

ಧಾರಾಳವಾಗಿ ಹೇಳು, ತಂಬಾಕು ಕೆಟ್ಟದ್ದು ಎಂದೆ. "ಅಡಿಕೆ?" ಎಂದಳು. ನಾನು ಎಲ್ಲರೂ ಹೇಳುವುದನ್ನೇ ಹೇಳಿದೆ. ತಲೆತಲಾಂತರದಿಂದ ತಿಂದಿದ್ದೇವೆ, ಇಗೋ ಅಜ್ಜಿ ಅರವತ್ತು ವರ್ಷದಿಂದ ಹಾಕುತ್ತಾರೆ, ಗಟ್ಟಿಯಾಗಿದ್ದಾರೆ. ಅವಳು ವಾದಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ಗ್ರಂಥದಲ್ಲಿ, ತಂಬಾಕು ಸೇರದಿದ್ದರೂ ಅಡಿಕೆಯು ಕ್ಯಾನ್ಸರ್‌ಕಾರಕ ಎಂದು ಪಟ್ಟಿ ಮಾಡಿರುವುದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಬೆಳೆಗಾರರ ಸಂಘಟನೆಗಳು ಅದನ್ನು ಆಕ್ಷೇಪಿಸುತ್ತಲೇ ಬಂದಿವೆ, ನಾನೂ ಮನವಿಪತ್ರಕ್ಕೆ ಸಹಿ ಹಾಕಿದವನೇ.

ಆಗ ಮೂಲೆಯಲ್ಲಿ ಕುಟ್ಟಾಣಿ ಕುಟ್ಟುತ್ತಿದ್ದ ನನ್ನ ತಾಯಿ ಕೈ ನಿಲ್ಲಿಸಿದರು. "ನಿಮ್ ಮಾವನ್ ಬಾಯಿ ಮರೆತ್ಯೇನಪ್ಪಾ?" ಎಂದರು. ಮರೆತಿರಲಿಲ್ಲ. ಅವರ ತಮ್ಮ, ನನ್ನ ಸೋದರಮಾವ, ಲಾರಿ ಓಡಿಸುತ್ತಿದ್ದವರು, ದಿನಕ್ಕೆ ಹತ್ತು ಹದಿನೈದು ಪೊಟ್ಟಣ. ಕೆನ್ನೆಯ ಒಳಚರ್ಮ ನಾರು ನಾರಾಗಿ ಬಿಗಿದು, ಬಾಯಿ ಎರಡು ಬೆರಳು ತೂರದಷ್ಟು ಕಿರಿದಾಗಿತ್ತು. ರೊಟ್ಟಿ ಬಿಟ್ಟು ಗಂಜಿ, ಗಂಜಿ ಬಿಟ್ಟು ನೀರು. ಎರಡು ದಂತ ವೈದ್ಯಕೀಯ ಕಾಲೇಜುಗಳಿರುವ ಊರಿದು. ಆ ಕುರ್ಚಿಗಳ ಮುಂದೆ ಇಂಥ ಬಾಯಿಗಳು ಎಷ್ಟು ಬರುತ್ತವೆಂದು ಅಲ್ಲಿಯ ಯಾವ ವೈದ್ಯರನ್ನಾದರೂ ಕೇಳಿ. ಒಮ್ಮೆ ಹಾಗೆ ಬಿಗಿದ ಚರ್ಮ ಮೊದಲಿನಂತಾಗುವುದಿಲ್ಲ, ಕೆಲವರಲ್ಲಿ ಮುಂದೆ ಹುಣ್ಣು ಕ್ಯಾನ್ಸರಿಗೆ ತಿರುಗುತ್ತದೆ. "ಹೇಳ್ಲಿ ಬಿಡು ಮಕ್ಕಳಿಗೆ" ಎಂದು ತಾಯಿ ಮತ್ತೆ ಕುಟ್ಟತೊಡಗಿದರು.

"ಹೇಳು, ಆದರೆ ನಾನೂ ಬರುತ್ತೇನೆ" ಎಂದೆ. ನಮ್ಮ ಬೆಳೆಯ ಬಗ್ಗೆ ಹೊರಗಿನವರೊಬ್ಬರೇ ಮಾತಾಡುವುದು ನನಗೆ ಸರಿಬರಲಿಲ್ಲ. ಗುರುವಾರ ಒಂದು ಹಸಿಗೊನೆ, ಒಣಗಿದ ರಾಶಿ ಅಡಿಕೆ ಒಂದು ಹಿಡಿ, ಹಾಳೆ ತಟ್ಟೆ ನಾಲ್ಕು ತೆಗೆದುಕೊಂಡು ಶಾಲೆಗೆ ಹೋದೆ. ಅವಳು ಬಾಯಿಯ ಚಿತ್ರ ಬರೆದು, ಒಬ್ಬೊಬ್ಬ ಹುಡುಗನೂ ತನ್ನ ಬಾಯಿಗೆ ಮೂರು ಬೆರಳು ಉದ್ದುದ್ದ ಹಿಡಿದು ನೋಡಿಕೊಳ್ಳುವಂತೆ ಮಾಡಿದಳು. ತರಗತಿ ನಗೆಗಡಲಾಯಿತು. ಆ ಹುಡುಗನ ಹೆಸರನ್ನು ಎಲ್ಲೂ ಎತ್ತಲಿಲ್ಲ. ಅಮೇಲೆ ನಾನು ಸಸಿ ನೆಟ್ಟು ಐದಾರು ವರ್ಷ ಕಾಯುವುದು, ಕೊನೆಗಾರನ ಕಷ್ಟ, ಸುಲಿಯುವವರ ಕೂಲಿ, ಧಾರಣೆಯ ಏರಿಳಿತ ಎಲ್ಲ ಹೇಳಿದೆ. ಮಕ್ಕಳು ಚೆನ್ನಾಗಿಯೇ ಕೇಳಿದರು.

ಕೊನೆಗೆ ಹಿಂದಿನ ಬೆಂಚಿನ ಒಬ್ಬ ಎದ್ದು, "ಸರ್, ನೀವು ತಿಂತೀರಾ?" ಎಂದ. ಊಟ ಆದ ಮೇಲೆ ಒಂದು ಹೋಳು ಎಂದೆ.

"ನಿಮ್ಮ ಮಗಳು?"

"ಇಲ್ಲ."

"ಯಾಕ್ ಸರ್?"

ನಾನು ಕೈಯಲ್ಲಿದ್ದ ಹಸಿಗೊನೆಯನ್ನು ಮೇಜಿನ ಮೇಲಿಟ್ಟೆ. "ಅವಳು ತಿನ್ನೋದು ನನಗೆ ಇಷ್ಟ ಇಲ್ಲ" ಎಂದೆ. ಹುಡುಗ ಕುಳಿತ. ಮೇಡಂ ಏನೂ ಸೇರಿಸದೆ ಕಪ್ಪುಹಲಗೆ ಒರೆಸಿದಳು. ಗಂಟೆ ಬಾರಿಸಿತು.

ಈ ಮಾತು ಬರೆದದ್ದಕ್ಕೆ ನನ್ನ ಮೇಲೆ ಸಿಟ್ಟಾಗುವ ಸದಸ್ಯರಿದ್ದಾರೆಂದು ಬಲ್ಲೆ. ತೋಟ ಕಡಿಯಿರೆಂದು ನಾನು ಹೇಳುತ್ತಿಲ್ಲ, ನನ್ನದನ್ನೂ ಕಡಿದಿಲ್ಲ. ಮಗಳ ಓದು ಆ ತೋಟದ್ದೇ. ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇನೆ, ನಡುವೆ ಬಾಳೆ ಇದೆ, ಉದುರಿದ ಹಾಳೆಯನ್ನು ಮೊದಲಿನಂತೆ ಗೊಬ್ಬರಕ್ಕೆ ಬಿಡದೆ ತಟ್ಟೆ ಮಾಡುವವರಿಗೆ ಕೊಡುತ್ತಿದ್ದೇನೆ. ಅಡಿಕೆಯ ಲೆಕ್ಕದ ಮುಂದೆ ಅದು ಚಿಲ್ಲರೆ ಹಣ. ಶಾಲೆಗಳ ಹತ್ತಿರದ ಅಂಗಡಿಗಳಲ್ಲಿ ಪೊಟ್ಟಣ ತೂಗುಹಾಕುವುದನ್ನು ತಡೆಯುವ ಕೆಲಸದಲ್ಲಿ ನಮ್ಮ ಸಂಘವೇ ಮುಂದೆ ನಿಲ್ಲಬಾರದೇಕೆ ಎಂದು ಮುಂದಿನ ಸಭೆಯಲ್ಲಿ ಕೇಳುವವನಿದ್ದೇನೆ.

ನವೆಂಬರ್‌ನಲ್ಲಿ ಮೇಡಂ ಹೊರಟಳು. ಹರಿಹರದ ಹೊಳೆಯ ನೆನಪಿಗೆಂದು ನನ್ನ ಹೆಂಡತಿ ಅವಳಿಗೆ ಒಂದು ಜೊತೆ ಚಪ್ಪಲಿ ಕೊಡಿಸಿದಳು. ಈಗ ತನ್ನ ಊರಿನ ಶಾಲೆಯಲ್ಲೇ ಕೆಲಸ. ತರಗತಿಯ ಗೋಡೆಗೆ ನಮ್ಮ ಹಾಳೆ ತಟ್ಟೆ ತೂಗುಹಾಕಿದ್ದಾಳೆ, ಅದೇನೆಂದು ಪ್ರತಿ ವರ್ಷವೂ ಹೊಸ ಮಕ್ಕಳು ಕೇಳುತ್ತಾರಂತೆ. ಹೋದ ತಿಂಗಳು ಅವಳ ಪತ್ರಕ್ಕೆ ಉತ್ತರ ಬರೆಯುವಾಗ, ನೀವೇನಾದರೂ ಹೇಳಬೇಕೇ ಎಂದು ತಾಯಿಯನ್ನು ಕೇಳಿದೆ. ಕುಟ್ಟಾಣಿ ಪಕ್ಕಕ್ಕಿಟ್ಟು, "ಊಟ ಆತೇನು ಅಂತ ಕೇಳಪ್ಪಾ" ಎಂದರು.